ಬರಿಬೆನ್ನಿನ ಸೊಸೆ

ಹೆಣ್ಣು ನೋಡಲು ಹೋದ ದಿನ ನಾನು ಸುಗಲಾಳ ಮುಖವನ್ನು ಸರಿಯಾಗಿ ನೋಡಲೇ ಇಲ್ಲ. ಅವಳು ಚಹಾ ಇಟ್ಟು ತಿರುಗಿ ಒಳಗೆ ಹೋಗುವುದನ್ನೇ ಕಾಯುತ್ತ ಕೂತಿದ್ದೆ. ನಮ್ಮೂರಲ್ಲಿ ಅತ್ತೆಯಾಗುವವರೆಲ್ಲ ಹಾಗೇ. ದರ್ಜಿ ಕುಪ್ಪಸದ ಬೆನ್ನನ್ನು ಅಗಲವಾಗಿ ಬಿಟ್ಟು ಹೊಲಿಯುವುದೂ ಅದಕ್ಕೇ. ಸುಗಲಾ ತಿರುಗಿದಳು. ಕುತ್ತಿಗೆಯವರೆಗೆ ಮುಚ್ಚಿದ ಕುಪ್ಪಸ. ನಾನು ಚಹಾದ ಬಸಿಯನ್ನು ಕೆಳಗಿಟ್ಟೆ.

ನಮ್ಮೂರಿನ ಕೂಸುಗಳಿಗೆ ಹುಟ್ಟಿದ ಮೊದಲ ನೂರು ದಿನಗಳಲ್ಲಿ ಬೆನ್ನ ಮೇಲೆ ಗೆರೆಗಳು ಮೂಡುತ್ತವೆ. ಎತ್ತಿ, ಎದೆಗೆ ಒತ್ತಿಕೊಂಡು, ತಟ್ಟಿ, ನೀವಿ ಬೆಳೆಸುವ ಕೈ ಎಲ್ಲೆಲ್ಲಿ ಆಡುತ್ತದೆಯೋ ಅಲ್ಲಲ್ಲಿ ಜೇನುಬಣ್ಣದ ಗೆರೆ. ಒಮ್ಮೆ ಮೂಡಿದ್ದು ಸಾಯುವವರೆಗೂ ಅಳಿಯುವುದಿಲ್ಲ. ನೂರು ದಿನ ಕಳೆದ ಮೇಲೆ ಎಷ್ಟು ನೀವಿದರೂ ಹೊಸದು ಮೂಡುವುದಿಲ್ಲ. ಗೆರೆ ಇಲ್ಲದವರನ್ನು ಬರಿಬೆನ್ನಿನವರು ಅನ್ನುತ್ತಾರೆ.

ಗೆರೆ ಬರೀ ಅಂದಕ್ಕಿದ್ದರೆ ಯಾರೂ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಮ್ಮೂರಿನ ನಡುವೆ ಆಳವಾದ ಕಮರಿ ಇದೆ. ಮನೆಗಳು ಈಚೆ; ಸಾಲಿ, ಸಂತೆ, ಹೊಲ ಎಲ್ಲ ಆಚೆ. ಎರಡೂ ದಡದಲ್ಲಿ ಎತ್ತುಗಳು ಗಾಣ ತಿರುಗಿದಂತೆ ತಿರುಗಿ ಹಗ್ಗ ಎಳೆಯುತ್ತವೆ, ಹಗ್ಗಕ್ಕೆ ಜೋತುಬಿದ್ದ ಬುಟ್ಟಿಯಲ್ಲಿ ಕೂತು ನಾವು ದಾಟುತ್ತೇವೆ. ಬುಟ್ಟಿ ನಡುವೆ ಬಂದು ಗಾಳಿಗೆ ಹೊಯ್ದಾಡಿದಾಗ ಎಲ್ಲರ ಎದೆಯೂ ಹಾರುತ್ತದೆ. ನನ್ನದೂ ಹಾರುತ್ತದೆ. ಆದರೆ ಗೆರೆಯವರ ಹೆದರಿಕೆ ಆಚೆ ದಡ ಮುಟ್ಟುವಷ್ಟರಲ್ಲಿ ಇಳಿದುಹೋಗುತ್ತದೆ. ಅವರು ಮಣ್ಣು ಕೊಡವಿಕೊಂಡು ಕೆಲಸಕ್ಕೆ ನಡೆಯುತ್ತಾರೆ. ಬರಿಬೆನ್ನಿನವರಿಗೆ ಸಂಜೆಯವರೆಗೂ ಇಳಿಯುವುದಿಲ್ಲ. ಅಷ್ಟರಲ್ಲಿ ತಿರುಗಿ ಬರುವ ಹೊತ್ತಾಗಿರುತ್ತದೆ.

ನನ್ನ ಹೆಸರು ನೀಲವ್ವ. ಊರಿನ ಬಾಣಂತಿಯರಿಗೂ ಕೂಸುಗಳಿಗೂ ಮೂವತ್ತು ವರ್ಷ ಎಣ್ಣೆ ನೀರು ಎರೆದವಳು. ಬೆಳಿಗ್ಗೆ ಐದು ಮನೆ, ಸಂಜೆಗೆ ಮೂರು. ಕಾಲು ಚಾಚಿ, ಕೂಸನ್ನು ಬೋರಲು ಹಾಕಿಕೊಂಡು, ಕುಸುಬೆ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ದರೆ ಎಂಥ ಹಟಮಾರಿ ಕೂಸೂ ಅಲ್ಲೇ ನಿದ್ದೆ ಹೋಗುತ್ತಿತ್ತು. ಅಂಥ ನನ್ನ ಮನೆಗೆ ಬರಿಬೆನ್ನಿನ ಸೊಸೆಯೇ? ಅದೂ ಅಗಸೆ ಓಣಿಯ ಮನೆತನದವಳು. ಅಜ್ಜಿ ಬರಿಬೆನ್ನು, ತಾಯಿ ಬರಿಬೆನ್ನು, ಇವಳು ಮೂರನೆಯವಳು. ರಕ್ತದಲ್ಲೇ ಗೆರೆ ಇಲ್ಲ ಎಂದು ಊರು ತೀರ್ಮಾನಿಸಿತ್ತು, ನಾನೂ ಊರಿನವಳೇ.

"ಬ್ಯಾಡ ಪರಪ್ಪಾ," ಎಂದೆ ಮಗನಿಗೆ. "ಆಕಿ ಬೆನ್ನ ನೋಡಿಲ್ಲೇನು?"

"ನೋಡೀನಿ ಯವ್ವಾ. ಆಕಿ ಬೆನ್ನ ಕಟಗೊಂಡು ನಾ ಏನ್ ಮಾಡ್ಲಿ? ನಾ ಕಟಗೊಳ್ಳಾಂವ ಆಕಿನ್ನ," ಎಂದ. ಮುಂದೆ ಮಾತಿಗೆ ಜಾಗ ಬಿಡಲಿಲ್ಲ.

ಮದುವೆಯಾಗಿ ಬಂದವಳು ಕೆಲಸದಲ್ಲಿ ಚುರುಕು, ಮಾತು ಕಮ್ಮಿ. ಯಾರಾದರೂ ಹಿಂದಿನಿಂದ ಬಂದು ಭುಜ ಮುಟ್ಟಿದರೆ ಬಿಸಿ ಹಂಚು ತಾಗಿದವಳಂತೆ ಹಾರಿ ಬೀಳುತ್ತಿದ್ದಳು. ಪಾತ್ರೆ ಬಿದ್ದ ಸದ್ದಿಗೆ ಕೈ ನಡುಗಲು ಶುರುವಾದರೆ ಅರ್ಧ ದಿನ ನಡುಗುತ್ತಿತ್ತು. ಆದರೂ ದಿನಾ ಬುಟ್ಟಿ ಹತ್ತಿ ಆಚೆ ಹೋಗಿ ಹೊಲದ ಕೆಲಸ ಮಾಡಿ ಬರುತ್ತಿದ್ದಳು. ಹೋಗಬೇಡ ಎಂದರೆ, "ಹೆದರಿಕಿ ನಂದು, ಹೊಲ ಎಲ್ಲಾರದೂ ಅಲ್ರೀ ಅತ್ತಿ?" ಎನ್ನುತ್ತಿದ್ದಳು. ಆ ಮಾತನ್ನು ನಾನು ಆಗ ಸೊಕ್ಕು ಅಂದುಕೊಂಡಿದ್ದೆ.

ಎರಡನೇ ವರ್ಷ ಬಸುರಾದಳು. ನಮ್ಮಲ್ಲಿ ಒಂದು ಕಟ್ಟಳೆಯಿದೆ, ಸುಗಲಾಳ ತಾಯಿ ಹುಟ್ಟಿದ ಮೇಲೆ ಬಂದದ್ದು. ಬರಿಬೆನ್ನಿನವಳು ಹೆತ್ತರೆ ಕೂಸನ್ನು ನೂರು ದಿನ ಗೆರೆಬೆನ್ನಿನವಳ ಮಡಿಲಿಗೆ ಕೊಡಬೇಕು. ಹಾಲಿನ ಹೊತ್ತಿಗೆ ಮಾತ್ರ ಹೆತ್ತವಳ ಹತ್ತಿರ, ಉಳಿದ ಹೊತ್ತೆಲ್ಲ ಬೇರೆಯವಳ ಹತ್ತಿರ. ಕ್ರೂರವೆಂದು ಯಾರಿಗೂ ಅನಿಸಿರಲಿಲ್ಲ. ಕೂಸಿಗೆ ಒಳ್ಳೆಯದಾಗಲಿ ಎಂದೇ ಮಾಡಿದ್ದು. ಬೇರೆಯವರ ಮನೆಗೆ ಯಾಕೆ ಹೋಗಬೇಕು, ನಾನೇ ಇದ್ದೇನಲ್ಲ ಎಂದು ನಾನು ಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿಸಿದೆ, ಹಳೆಯ ಮೆತ್ತನೆ ಸೀರೆ ಹರಿದು ಮಡಿಸಿಟ್ಟೆ.

ಹೆಣ್ಣು ಕೂಸು ಹುಟ್ಟಿತು. ಮೂರನೇ ದಿನ ಎರೆದಾದ ಮೇಲೆ ಕೂಸನ್ನು ಸುತ್ತಿಕೊಂಡು ನಾನು ಪಡಸಾಲೆಗೆ ಹೊರಟಾಗ ಸುಗಲಾ ಬಾಣಂತಿ ಕೋಣೆಯ ಬಾಗಿಲಿಗೆ ಅಡ್ಡ ಬಂದು ನಿಂತಳು. ಎದ್ದು ನಿಲ್ಲುವ ಶಕ್ತಿಯೂ ಇರಲಿಲ್ಲ, ಚೌಕಟ್ಟು ಹಿಡಿದಿದ್ದಳು.

"ಕೂಸು ಕೊಡ್ರಿ ಅತ್ತಿ."

"ಕಟ್ಟಳೆ ಗೊತ್ತದ ಅಲ್ಲ ನಿನಗ?"

"ಗೊತ್ತದ. ನನ್ನ ತಮ್ಮನ್ನೂ ಕೊಟ್ಟಿದ್ರು, ಕುಂಬಾರ ಮನಿಗೆ. ಅಂವನ ಬೆನ್ನ ನೋಡೀರಿಲ್ಲ? ತುಂಬ ಗೆರಿ. ನಾ ಹುಟ್ಟಿದ ವರ್ಷ ಊರಾಗ ದಡಾರ ಬಂದಿತ್ತಂತ, ಯಾರೂ ಬಾಗಲಾ ತಗದು ನನ್ನ ಇಸ್ಕೊಳ್ಳಲಿಲ್ಲ. ನಾ ಬರಿಬೆನ್ನಿನಾಕಿ ಆದೆ. ಅದ ಹೊಟ್ಟಿ, ಅದ ರಕ್ತ. ಹಂಗಿದ್ರ ರಕ್ತದ ದೋಷ ಎಲ್ಲಿಂದ ಬಂತ್ರಿ?"

"ಅದಕ್ಕ ಅಲ್ಲೇನು ಕೊಡೋದು," ಎಂದೆ. "ಒಳ್ಳೆ ಕೈ ಸಿಗಲಿ ಅಂತ."

"ನೂರು ದಿನ ಆದಮ್ಯಾಲ ತಮ್ಮನ್ನ ತಂದು ಅವ್ವನ ತೊಡಿಮ್ಯಾಲ ಹಾಕಿದ್ರು. ಅಂವ ಕುಂಬಾರಗಿತ್ತಿ ಕಡೆ ತಿರುಗಿ ಅತ್ತ. ಅವ್ವ ಆಮ್ಯಾಲ ಅಂವನ್ನ ಮುಟ್ಟಲೇ ಇಲ್ಲ. ಮಂದಿ ಕೂಸು ಮುಟ್ಟಿದಂಗ ಆಕ್ಕೈತಿ ಅಂತಿದ್ಲು. ಅಂವನ ಬೆನ್ನಿಗೆ ಗೆರಿ ಬಂದ್ವು. ಅವ್ವಗ ಏನ್ ಬಂತ್ರಿ?"

ನಾನು ಸಿಟ್ಟಿನಿಂದ ಒಂದು ಮಾತಾಡಿದೆ. ಅದನ್ನು ಇವತ್ತಿಗೂ ಮರೆತಿಲ್ಲ. "ನಿನ್ನ ಕೈ ನಡಗತಾವ. ನಡಗೋ ಕೈ ಕೂಸಿಗೆ ಏನ್ ಕೊಟ್ಟೀತು?"

ಅವಳು ನನ್ನನ್ನೇ ನೋಡಿದಳು. ನಂತರ ಮೆಲ್ಲಗೆ, "ನಿಮ್ಮ ಮಗನ ಬೆನ್ನ ನೀವು ಯಾವಾಗರ ನೋಡೀರೇನ್ರಿ?" ಎಂದಳು.

ನೋಡಿದ್ದೆ. ನೋಡಿ, ಹನ್ನೆರಡನೇ ವಯಸ್ಸಿನಿಂದ ಅವನಿಗೆ ಅಂಗಿ ಬಿಚ್ಚಿ ಓಡಾಡಬೇಡ ಎಂದು ಹೇಳಿದ್ದೆ. ಪರಪ್ಪನ ಬೆನ್ನ ಮೇಲೆ ಇರುವುದು ಮೂರೇ ಗೆರೆ, ಅವೂ ಬೆಳಕಿಗೆ ಹಿಡಿದರೆ ಕಾಣುವಂಥವು. ಅವನು ಹುಟ್ಟಿದ ವರ್ಷ ಊರಲ್ಲಿ ಹೆರಿಗೆಗಳೋ ಹೆರಿಗೆಗಳು. ನಾನು ಹದಿನೈದನೇ ದಿನಕ್ಕೇ ಅವನನ್ನು ತೊಟ್ಟಿಲಲ್ಲಿ ಹಾಕಿ ಮಂದಿಯ ಕೂಸುಗಳಿಗೆ ಎರೆಯಲು ಹೊರಟಿದ್ದೆ. ನನ್ನ ಕೈ ಊರೆಲ್ಲ ಆಡಿತು, ಮನೆಯಲ್ಲಿ ಆಡಲಿಲ್ಲ. ಈಗಲೂ ಅವನು ಕಮರಿ ದಾಟಿ ಬಂದ ಮೇಲೆ ಹಿತ್ತಲ ಕಟ್ಟೆಯ ಮೇಲೆ ಒಂದು ತಂಬಿಗೆ ನೀರಿಟ್ಟುಕೊಂಡು ಮಾತಿಲ್ಲದೆ ಕೂರುತ್ತಾನೆ. ದಣಿವು ಎಂದು ನಾನು ನೆರೆಯವರಿಗೆ ಹೇಳುತ್ತ ಬಂದಿದ್ದೆ. ಇವಳು ಹೆಂಡತಿ, ಅವಳಿಗೆ ಮುಚ್ಚಿಡುವುದು ಎಲ್ಲಿ ಸಾಧ್ಯ? ಆದರೂ ಎರಡು ವರ್ಷ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ.

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. ಸುಗಲಾಳೂ ಎದುರಿಗೆ ಕುಸಿದು ಕೂತಳು. ಕೂಸು ಇಬ್ಬರ ನಡುವೆ ಮುಷ್ಟಿ ಬಿಗಿದುಕೊಂಡು ಮಲಗಿತ್ತು.

"ನಿಮ್ಮನ್ನ ನೋಯಿಸಾಕ ಅನ್ನಲಿಲ್ರಿ," ಎಂದಳು. "ನಲವತ್ತು ದಿನ ಕೊಡ್ರಿ. ನಲವತ್ತರಾಗ ಒಂದರ ಗೆರಿ ಬರಲಿಲ್ಲ ಅಂದ್ರ ನಾನ ತಂದು ನಿಮ್ಮ ಮಡಿಲಾಗ ಹಾಕ್ತೀನಿ. ಆದ್ರ ನನಗ ಬರಾಂಗಿಲ್ಲ ಅತ್ತಿ. ಕೂಸನ್ನ ಹ್ಯಾಂಗ ಹಿಡೀಬೇಕು ಅನ್ನೋದ ನನ್ನ ಮೈಗೆ ಗೊತ್ತಿಲ್ಲ. ಕೂಸಿಗೆ ಆಮ್ಯಾಲ ಎರೀರಿ. ಮೊದಲ ನನಗ ಎರೀರಿ."

ಬಾಣಂತಿಗೆ ಎರೆಯುವುದು ಹೊಸದೇನಲ್ಲ, ನನ್ನ ಕಸುಬೇ ಅದು. ಆದರೆ ಯಾರೂ ಹೀಗೆ ಕೇಳಿ ಎರೆಸಿಕೊಂಡಿರಲಿಲ್ಲ. ಮರುದಿನ ಬೆಳಿಗ್ಗೆ ಹಂಡೆ ಕಾಯಿಸಿ ಅವಳನ್ನು ಮಣೆಯ ಮೇಲೆ ಕೂರಿಸಿದೆ. ಮೊದಲ ಸಲ ಅವಳ ಬೆನ್ನನ್ನು ಕಣ್ಣಾರೆ ನೋಡಿದೆ. ಬರೆಯದ ಹಾಳೆಯಂತೆ ಇದ್ದೀತು ಅಂದುಕೊಂಡಿದ್ದೆ. ಎಲ್ಲರ ಬೆನ್ನಿನಂತೆಯೇ ಇತ್ತು, ಎಡಗಡೆ ಒಂದು ಮಚ್ಚೆ. ಎಣ್ಣೆಯ ಕೈ ಇಡುತ್ತಲೇ ಮೈಯೆಲ್ಲ ಬಿಗಿದು ಹಲ್ಲು ಕಚ್ಚಿದಳು. ತೆಗೆಯಲೇ ಎಂದರೆ ಬೇಡ ಎಂದು ತಲೆ ಅಲ್ಲಾಡಿಸಿದಳು. ಎಂಟು ದಿನ ಹೀಗೇ ನಡೆಯಿತು. ಒಂಬತ್ತನೆಯ ದಿನ ನನ್ನ ಅಂಗೈಯ ಕೆಳಗೆ ಅವಳ ಹೆಗಲು ಬೆಣ್ಣೆ ಜಾರಿದಂತೆ ಕೆಳಗಿಳಿಯಿತು. ಅವಳು ಅತ್ತಳು, ನಾನು ನೀರು ಹೊಯ್ಯುತ್ತ ಹೋದೆ. ನೀರಿನಲ್ಲಿ ಕಣ್ಣೀರು ಯಾವುದು ಎಂದು ಯಾರು ನೋಡುತ್ತಾರೆ?

ಆ ದಿನಗಳಲ್ಲಿ ಅವಳು ಪಟ್ಟ ಕಷ್ಟವನ್ನು ನಾನು ಎಷ್ಟು ಹೇಳಿದರೂ ಕಡಿಮೆ. ಹೆದರಿಕೆ ಅವಳನ್ನು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಕೂಸು ಕಿಟಾರನೆ ಕಿರುಚಿದರೆ ಮೊದಲು ಅವಳ ಕೈ ಹಿಂದಕ್ಕೆ ಸರಿಯುತ್ತಿತ್ತು. ಅಗಸೆ ಓಣಿಯ ಅವಳ ತಾಯಿ, ಅಜ್ಜಿ ಅಲ್ಲಿಯೇ ನಿಂತುಬಿಟ್ಟಿರಬೇಕು. ಹೆದರಿದ ಕೈ ಕೂಸನ್ನು ಎತ್ತಲಿಲ್ಲ. ಎತ್ತದ ಕೂಸು ಹೆದರುತ್ತ ಬೆಳೆದು ತಾಯಿಯಾಯಿತು. ಊರು ಅದನ್ನು ರಕ್ತ ಎಂದು ಕರೆಯಿತು. ಸುಗಲಾ ಹಿಂದಕ್ಕೆ ಸರಿದ ಕೈಯನ್ನು ನೋಡುತ್ತಿದ್ದಳು, ಉಸಿರು ಬಿಡುತ್ತಿದ್ದಳು, ಮತ್ತೆ ಮುಂದೆ ಚಾಚುತ್ತಿದ್ದಳು. ದಿನಕ್ಕೆ ಐವತ್ತು ಸಲ. ನಡುಗುವ ಬೆರಳಿಂದ ಕೂಸು ಜಾರೀತೆಂಬ ಭಯಕ್ಕೆ ಅಂಗೈಯಲ್ಲಿ ಎತ್ತದೆ, ಮೊಣಕೈಯಿಂದ ಮಣಿಕಟ್ಟಿನವರೆಗೆ ಇಡೀ ತೋಳನ್ನೇ ಕೂಸಿನ ಪಕ್ಕೆಗೆ ಒತ್ತಿ, ತನ್ನ ಹೊಟ್ಟೆಗೆ ಆನಿಸಿಕೊಳ್ಳುತ್ತಿದ್ದಳು. "ಹಂಗಲ್ಲ, ಹೆಗಲಿಗೆ ಹಾಕ್ಕೊಂಡು ತಟ್ಟಬೇಕು," ಎಂದು ನಾನು ತೋರಿಸಿಕೊಟ್ಟೆ. ತಟ್ಟಿದಳು, ಆದರೆ ಸ್ವಲ್ಪ ಹೊತ್ತಿಗೆ ಕೂಸು ಜಾರಿ ಮತ್ತೆ ಆ ತೋಳಿಗೇ ಬರುತ್ತಿತ್ತು.

ನನ್ನ ತಾಯಿಯೂ ಎರೆಯುವವಳೇ ಆಗಿದ್ದಳು. ಅವಳು ಒಂದು ಮಾತು ಹೇಳುತ್ತಿದ್ದಳು: ಹುಟ್ಟುವ ಕೂಸೆಲ್ಲ ಒಂದೊಂದು ತುಂಬಿದ ಮನೆ, ಬಾಗಿಲುಗಳೆಲ್ಲ ಮೊದಲೇ ಇರುತ್ತವೆ, ಯಾವುದನ್ನು ತೆರೆದಿಡಬೇಕು, ಯಾವುದಕ್ಕೆ ಅಗಳಿ ಹಾಕಬೇಕು ಎಂದು ಹೇಳಿಕೊಡುವುದು ಮೊದಲ ನೂರು ದಿನದ ಕೈ. ಮನೆ ಹೊಸದಾಗಿ ಕಟ್ಟಲು ಬರುವುದಿಲ್ಲ, ಬಾಗಿಲು ತೆರೆಯಲು ಬರುತ್ತದೆ. ಮೂವತ್ತು ವರ್ಷ ಈ ಮಾತನ್ನು ನಾನು ಬಾಣಂತಿಯರಿಗೆ ಒಪ್ಪಿಸುತ್ತ ಬಂದಿದ್ದೆ. ಅದನ್ನು ನಂಬಿ ನಡೆದವಳನ್ನು ನೋಡಿದ್ದು ಈಗಲೇ.

ನಲವತ್ತನೆಯ ದಿನ ಬಂತು. ಬೆಳಿಗ್ಗೆ ಅಂಗಳದ ಎಳೆ ಬಿಸಿಲಿನಲ್ಲಿ ಕೂಸನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ನೋಡಿದೆ. ಹೆಗಲು ನೋಡಿದೆ. ಬೆನ್ನಹುರಿಯ ಎರಡೂ ಬದಿ ನೋಡಿದೆ. ಎಣ್ಣೆ ಒರೆಸಿ ಮತ್ತೆ ನೋಡಿದೆ. ಏನೂ ಇರಲಿಲ್ಲ. ಸುಗಲಾ ಎದುರಿಗೆ ನಿಂತಿದ್ದಳು, ಪರಪ್ಪ ಬಾಗಿಲಲ್ಲಿ. ನಾನು ತಲೆ ಎತ್ತಲಿಲ್ಲ. ಎತ್ತದಿದ್ದುದೇ ಉತ್ತರವಾಯಿತು.

"ಯವ್ವಾ, ಇನ್ನೊಂದೆಂಟು ದಿನ—" ಎಂದ ಪರಪ್ಪ.

"ಬ್ಯಾಡ್ರಿ," ಎಂದಳು ಸುಗಲಾ. "ಮಾತು ಅಂದ್ರ ಮಾತು. ಕೂಸಿನ ಬಾಳಿನ ಮುಂದ ನನ್ನ ಹಟಾ ದೊಡ್ಡದಲ್ಲ." ಕೂಸಿನ ಕುಂಚಿಗೆ ಕಟ್ಟಿ, ಹಣೆಗೆ ಮೂಗು ತಾಗಿಸಿ, ನನ್ನ ಮಡಿಲಲ್ಲಿಟ್ಟು ಒಳಗೆ ಹೋದಳು. ಬಾಗಿಲು ಮುಂದೆ ಮಾಡಿಕೊಂಡ ಸದ್ದು ಕೇಳಿತು.

ಅವಳು ಒಳಗೆ ಹೋಗಿ ಇನ್ನೂ ಎಲೆ ಮಡಿಸುವಷ್ಟು ಹೊತ್ತಾಗಿರಲಿಲ್ಲ, ಕೂಸು ಅಳಲು ಶುರುಮಾಡಿತು. ನಾನು ಹೆಗಲಿಗೆ ಹಾಕಿಕೊಂಡು ತಟ್ಟಿದೆ. ಅಂಗಳದಲ್ಲಿ ತಿರುಗಿದೆ. ಜೋಗುಳ ಹಾಡಿದೆ. ನಾನೂರು ಕೂಸುಗಳನ್ನು ಮಲಗಿಸಿದ ಕೈ ನನ್ನದು. ಈ ಕೂಸು ಹಸಿವಿಗೆ ಅಳುತ್ತಿರಲಿಲ್ಲ, ಹೊಟ್ಟೆನೋವಿಗೂ ಅಲ್ಲ. ಅಳುತ್ತ ಅಳುತ್ತ ಕುತ್ತಿಗೆ ತಿರುಗಿಸಿ ಆ ಮುಚ್ಚಿದ ಬಾಗಿಲ ಕಡೆಗೇ ನೋಡುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಾಗಿ ಕಿವಿಗೊಡುತ್ತಿತ್ತು, ಮತ್ತೆ ಅಳುತ್ತಿತ್ತು. ಗೆರೆ ಇಲ್ಲದ ಕೂಸು ಹೀಗೆ ಅಳುವುದಿಲ್ಲ. ಯಾರೂ ಬರುವುದಿಲ್ಲ ಎಂದು ಅದಕ್ಕೆ ಗೊತ್ತಿರುತ್ತದೆ, ಹಾಗಾಗಿ ಯಾರ ಕಡೆಗೂ ನೋಡದೆ ಅಳುತ್ತದೆ. ಅಂಥ ಅಳು ನಾನು ಎಷ್ಟು ಮನೆಗಳಲ್ಲಿ ಕೇಳಿಲ್ಲ! ನನ್ನ ಮನೆಯಲ್ಲೇ ಕೇಳಿದ್ದೆ, ತೊಟ್ಟಿಲಿನಿಂದ. ಇದು ಅದಲ್ಲ. ಇದು ಕರೆಯುವ ಅಳು. ಬರುವವಳು ಒಬ್ಬಳಿದ್ದಾಳೆ ಎಂದು ಗೊತ್ತಿದ್ದವರ ಅಳು.

ನಾನು ಹೋಗಿ ಬಾಗಿಲು ನೂಕಿದೆ. ಸುಗಲಾ ಗೋಡೆಗೆ ಮುಖ ಮಾಡಿ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಳು. ಮುಂದೆ ಬಗ್ಗಿ ಕೂಸನ್ನು ಅವಳ ತೊಡೆಯ ಮೇಲೆ ಇಟ್ಟೆ.

"ಗೆರಿ ಬಂದಿಲ್ಲ ಅತ್ತಿ."

"ಬರದಿದ್ರ ಬಿಡಲಿ," ಎಂದೆ. "ಈ ಕೂಸಿಗೆ ಕೈ ಯಾವುದು ಅಂತ ಗೊತ್ತಾಗೇದ. ಅದನ್ನ ತಪ್ಪಸಾಕ ನಾ ಯಾರು? ಊರಿನವರು ಕೇಳಿದ್ರ ನಾ ಹೇಳ್ತೀನಿ. ತಗೋ, ಹಿಡಿ ನಿನ್ನ ಮಗಳನ್ನ."

ಅವಳು ತೋಳು ಚಾಚಿ ತನ್ನ ಎಂದಿನ ರೀತಿಯಲ್ಲೇ ಕೂಸನ್ನು ಪಕ್ಕೆಗೆ ಒತ್ತಿ ಹೊಟ್ಟೆಗೆ ಆನಿಸಿಕೊಂಡಳು. ಅಳು ನಿಂತಿತು. ಬಿಕ್ಕು ಎರಡು ಸಲ ಬಂತು, ಆಮೇಲೆ ಅದೂ ನಿಂತಿತು.

ಮರುದಿನ ಎರೆಯುವಾಗ ಕೂಸಿನ ಕಂಕುಳಲ್ಲಿ ಕಡಲೆಹಿಟ್ಟು ಉಳಿದಿತ್ತು. ತೆಗೆಯಲೆಂದು ತೋಳೆತ್ತಿದೆ. ಕಂಕುಳಿನ ಕೆಳಗೆ, ಪಕ್ಕೆಲುಬಿನ ಗುಂಟ, ನಡುವಿನವರೆಗೆ ಒಂದು ಉದ್ದನೆ ಗೆರೆ. ಜೇನಿನ ಬಣ್ಣ. ಅದರ ಪಕ್ಕದಲ್ಲೇ ಇನ್ನೊಂದು ಎಳೆಯದು. ಒಂದು ದಿನದಲ್ಲಿ ಮೂಡಿದ್ದಲ್ಲ ಅದು, ಮೂಡಿ ಹತ್ತು ದಿನವಾದರೂ ಆಗಿತ್ತು. ನಾನೂರು ಬೆನ್ನು ನೋಡಿದ್ದ ನಾನು ಎಲ್ಲರ ಕೈ ಆಡುವ ಜಾಗದಲ್ಲಿ ಹುಡುಕಿದ್ದೆ. ಇವಳ ಕೈ ಬೇರೆ ಜಾಗದಲ್ಲಿತ್ತು. ನಡುಗುವ ಕೈಗೆ ಅವಳೇ ಕಂಡುಕೊಂಡ ಹಿಡಿತದಲ್ಲಿತ್ತು.

"ಸುಗಲಾ!" ಎಂದು ಕೂಗಿದೆ. ಕೂಗಿದ ದನಿಗೆ ಅವಳು ಗಾಬರಿಯಾಗಿ ಓಡಿ ಬಂದಳು, ಕೈಯಲ್ಲಿದ್ದ ಲೋಬಾನದ ತಟ್ಟೆ ಬಿದ್ದು ಹೊಗೆಯೆಲ್ಲ ಬಚ್ಚಲ ತುಂಬಿತು. ನಾನು ಕೂಸಿನ ತೋಳೆತ್ತಿ ತೋರಿಸಿದೆ. ಅವಳು ಮೊಣಕಾಲೂರಿ, ಬೆರಳು ತಾಗಿಸಲು ಹೋಗಿ, ತಾಗಿಸದೆ, ನನ್ನ ಒದ್ದೆ ಮೊಣಕಾಲಿಗೆ ಹಣೆ ಹಚ್ಚಿದಳು.

ನೂರನೆಯ ದಿನ ನಮ್ಮಲ್ಲಿ ಬೆನ್ನು ನೋಡುವ ಶಾಸ್ತ್ರ. ಓಣಿಯ ಹೆಂಗಸರೆಲ್ಲ ಕೊಬ್ಬರಿ ಸಕ್ಕರೆ ತಿನ್ನುತ್ತ ಕೂತಿದ್ದರು. ಅಷ್ಟೊತ್ತಿಗೆ ತುಳಜಾಳ — ಹೆಸರು ಇಟ್ಟಾಗಿತ್ತು — ಎರಡೂ ಪಕ್ಕೆ ಗೆರೆಗಳಿಂದ ತುಂಬಿದ್ದವು, ಕೆಲವು ಹೊಟ್ಟೆಯವರೆಗೂ ಸುತ್ತಿ ಬಂದಿದ್ದವು. ನಾನು ಹೆಮ್ಮೆಯಿಂದ ಕುಂಚಿಗೆ ಬಿಚ್ಚಲು ಹೊರಟೆ. ಸುಗಲಾ ನನ್ನ ಕೈ ಹಿಡಿದಳು. ಮೂಲೆಯಲ್ಲಿ ಅಗಸೆ ಓಣಿಯ ಒಬ್ಬ ಬಸುರಿ ಕುತ್ತಿಗೆಯವರೆಗೆ ಮುಚ್ಚಿದ ಕುಪ್ಪಸ ತೊಟ್ಟು ತಲೆ ತಗ್ಗಿಸಿ ಕೂತಿದ್ದಳು.

"ತೋರಸೋದು ಬ್ಯಾಡ ಅತ್ತಿ," ಎಂದು ಸುಗಲಾ ಎಲ್ಲರಿಗೂ ಕೇಳುವಂತೆ ಅಂದಳು. "ನನ್ನ ಮಗಳ ಮೈ ಮಂದಿ ಓದಾಕ ಅಲ್ಲ." ಹೆಂಗಸರು ಗುಸುಗುಸು ಎಂದರು. ಗೆರೆಯೇ ಇಲ್ಲ, ಅದಕ್ಕೇ ಮುಚ್ಚುತ್ತಾಳೆ ಎಂದು ಆ ಸಂಜೆಯೇ ಊರೆಲ್ಲ ಮಾತಾಯಿತು. ಸುಗಲಾ ಅದನ್ನು ಐದು ವರ್ಷ ಹೊತ್ತಳು. ಒಂದು ತೋಳೆತ್ತಿ ತೋರಿಸಿದ್ದರೆ ಮುಗಿಯುತ್ತಿತ್ತು. ಎತ್ತಲಿಲ್ಲ. ಆ ಬಸುರಿ ಹೆತ್ತ ಮೂರನೆಯ ದಿನ ಮಾತ್ರ ಅವಳ ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಮಣೆ ಹಾಕಿ ಕೂರಿಸಿ, ತಾನೇ ಎಣ್ಣೆ ಹಚ್ಚಿದಳು. ಆಮೇಲೆ ಇನ್ನೊಬ್ಬಳು ಬಂದಳು, ಮತ್ತೊಬ್ಬಳು. ಕೂಸನ್ನು ಬೇರೆಯವರಿಗೆ ಕೊಡುವ ಕಟ್ಟಳೆಯನ್ನು ಯಾರೂ ಮುರಿಯಲಿಲ್ಲ, ಕೇಳುವವರೇ ಇಲ್ಲದಾದರು.

ತುಳಜಾಗೆ ಐದು ತುಂಬಿದ ಮೇಲೆ ಸಾಲಿಗೆ ಹೆಸರು ಹಚ್ಚಿದೆವು. ಮೊದಲ ಸಲ ಕಮರಿ ದಾಟುವುದು. ಹುಡುಗಿಯ ಹೆದರಿಕೆ ಇಳಿಯುತ್ತದೋ ಇಲ್ಲವೋ ನೋಡಲು ದಡದಲ್ಲಿ ಮಂದಿ ಬೇಕೆಂದೇ ಸೇರಿದ್ದರು. ಬುಟ್ಟಿಯಲ್ಲಿ ನಾನು, ಸುಗಲಾ, ನಡುವೆ ತುಳಜಾ. ಅರ್ಧ ದಾರಿಯವರೆಗೆ ಚೆನ್ನಾಗಿಯೇ ಹೋಯಿತು. ಅಲ್ಲಿ ಆಚೆ ದಡದ ಎತ್ತೊಂದು ನೊಗ ಸಮೇತ ಕುಳಿತುಬಿಟ್ಟಿತು. ಹಗ್ಗ ನಿಂತಿತು, ಬುಟ್ಟಿ ಗಾಳಿಗೆ ಸಿಕ್ಕು ಆ ಬದಿ ಈ ಬದಿ ಹೊಯ್ದಾಡತೊಡಗಿತು. ತುಳಜಾ ಚಿಟ್ಟನೆ ಚೀರಿದಳು. ತಾಯಿಯ ಸೀರೆ ಕಚ್ಚಿಕೊಂಡು ಉಚ್ಚೆ ಮಾಡಿಕೊಂಡಳು. ಸುಗಲಾ ಹಾಳೆಯಂತೆ ಬಿಳಿಚಿ ಕಣ್ಣು ಮುಚ್ಚಿದ್ದಳು. ಏಳು ವರ್ಷದಿಂದ ನನ್ನ ಜೊತೆ ದಾಟುತ್ತಿದ್ದವಳು, ಒಂದು ಸಲವೂ ಕಣ್ಣು ತೆರೆದು ದಾಟಿದ್ದು ನಾನು ಕಂಡಿಲ್ಲ. ಆದರೆ ಅವಳ ತೋಳು ಮಗಳ ಪಕ್ಕೆಯನ್ನು ಬಿಡದೆ ನೀವುತ್ತಿತ್ತು, ಮೇಲಿಂದ ಕೆಳಗೆ, ಮೇಲಿಂದ ಕೆಳಗೆ.

ಆಚೆ ದಡದಲ್ಲಿ ಎತ್ತನ್ನು ಎಬ್ಬಿಸುವ ಗದ್ದಲ ಕೇಳುತ್ತಿತ್ತು. ತುಳಜಾಳ ಅಳು ಮೊದಲು ಬಿಕ್ಕಾಯಿತು. ಬಿಕ್ಕು ಉಸಿರಾಯಿತು. ಬುಟ್ಟಿ ಇನ್ನೂ ಹೊಯ್ದಾಡುತ್ತಲೇ ಇತ್ತು. ಹುಡುಗಿ ಸೀರೆಯಿಂದ ಮುಖ ಬಿಡಿಸಿ, ಮೂಗು ಒರೆಸಿಕೊಂಡು, ಹೆಣಿಗೆಯ ಸಂದಿನಿಂದ ಕೆಳಗೆ ಬಗ್ಗಿ ನೋಡಿದಳು.

"ಅವ್ವಾ," ಎಂದಳು, "ಕೆಳಗ ಹಕ್ಕಿ ಹಾರಾಕತ್ತಾವ. ಅವು ಮ್ಯಾಲಿಂದ ಹಸರ ಅದಾವ ನೋಡು!"

ಸುಗಲಾಳ ಹಲ್ಲು ಕಟಕಟ ಎನ್ನುತ್ತಿದ್ದವು. ಅವಳ ಹೆದರಿಕೆ ಆ ದಿನವೂ ಸಂಜೆಯವರೆಗೆ ಇಳಿಯಲಿಲ್ಲ, ಇಳಿಯುವುದೂ ಇಲ್ಲ, ಅದು ನನಗೆ ಗೊತ್ತು.

"ಎಲ್ಲೆ?" ಎಂದಳು. ಕಣ್ಣು ತೆರೆದು ಮಗಳ ಜೊತೆ ಬಗ್ಗಿದಳು.